ಕಾಡಿಗೆ ಜವಳ ಮಾಡಿಸಿದ ಅಕ್ಕಾರು

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದೆ, ಬೇಟೆಗಾರರ ಬಂದೂಕಿಗೆ ಸಿಗಲೆಂದು ಹಕ್ಕಿ ಸಾಕುವ ಹೆಂಗಸು ಇಡೀ ನ್ಯೂಜೆರ್ಸಿಯಲ್ಲಿ ಒಬ್ಬರೇ ಇರಬಹುದು. ಆ ಒಬ್ಬರು ನನ್ನ ಗಂಡನ ಅಕ್ಕನೇ ಆಗಬೇಕಿತ್ತೆ?

'ಸಾಕುವ' ಎಂದದ್ದು ತಪ್ಪು. ಇದನ್ನು ಓದಿದರೆ ಅವರು ಮೊದಲು ತಿದ್ದುವುದು ಆ ಪದವನ್ನೇ. "ಸಾಕೋದು ಕೋಳೀನ, ತಂಗಿ. ಇವು ತಾವ ಬದುಕ್ತಾವ. ನಾವು ಜಾಗಾ ಮಾಡಿಕೊಡೋದಷ್ಟ." ಸರಿ, ಜಾಗ ಮಾಡಿಕೊಡುವವರು. ಆ ಜಾಗ ಮಾಡಿಕೊಡಲು ಅವರು ಏನೇನು ಮಾಡಿದರು, ಯಾರ್ಯಾರ ಬಾಯಿಗೆ ಬಿದ್ದರು ಎಂಬುದನ್ನು ಹೇಳುವುದಕ್ಕೇ ನಾನು ಕೂತಿರುವುದು.

ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತೇವೆ. ಗದಗಿನವರು. ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ಅಂದರೆ, ರೋಗಿಯ ಮುಖ ನೋಡದೆ, ಅವನ ಮೈಯಿಂದ ತೆಗೆದ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ಕಣ್ಣು ನೆಟ್ಟು, ಇದು ಇಂಥದ್ದೇ ಎಂದು ಬರೆದುಕೊಡುವ ವೈದ್ಯೆ. ಫೋರ್ಟ್ ಲೀಯ ಒಂದು ಕಟ್ಟಡದ ಹತ್ತೊಂಬತ್ತನೆಯ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಟೈಮ್ ಸಿಗಲಿಲ್ಲ" ಎನ್ನುತ್ತಾರೆ, ಕರೆಂಟ್ ಬಿಲ್ ಕಟ್ಟಲು ಮರೆತವರ ಹಾಗೆ. ನಾನು ಮೈಸೂರಿನವಳು, ಜರ್ಸಿ ಸಿಟಿಯಲ್ಲಿ ಗಂಡ, ಮಗಳ ಜೊತೆ ಸಂಸಾರ, ನದಿ ದಾಟಿದರೆ ಮ್ಯಾನ್‌ಹ್ಯಾಟನ್ನಿನಲ್ಲಿ ಕಂಪ್ಯೂಟರ್ ಕೆಲಸ. ಹಕ್ಕಿ ಎಂದರೆ ನನಗೆ ಪಾರಿವಾಳ, ಅದೂ ಬಾಲ್ಕನಿ ಗಲೀಜು ಮಾಡುವ ಲೆಕ್ಕದಲ್ಲಿ ಮಾತ್ರ ಗೊತ್ತಿತ್ತು.

ಎಲ್ಲ ಶುರುವಾದದ್ದು ಒಂದು ಗೃಹಪ್ರವೇಶದಿಂದ. ರಾಜ್ಯದ ವಾಯವ್ಯ ಮೂಲೆಯಲ್ಲಿ, ನಮ್ಮೂರಿಂದ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಸಿಗುವ ಹೊಸ ಬಡಾವಣೆಯಲ್ಲಿ, ಪರಿಚಯದ ಕನ್ನಡ ಹುಡುಗನೊಬ್ಬ ಮನೆ ಕಟ್ಟಿಸಿದ್ದ. ಮಾರ್ಚ್ ತಿಂಗಳು. ಹೋಳಿಗೆ ಊಟ ಮುಗಿಸಿ, ಅಕ್ಕಾರನ್ನೂ ಕಾರಿನಲ್ಲಿ ಕೂರಿಸಿಕೊಂಡು ಸಂಜೆ ಹೊರಟೆವು. ಹತ್ತು ನಿಮಿಷವಾಗಿರಬೇಕು, ಟೈರಿನಲ್ಲಿ ಗಾಳಿ ಕಡಿಮೆ ಎನ್ನುವ ದೀಪ ಕಾರಿನಲ್ಲಿ ಹೊತ್ತಿಕೊಂಡಿತು. ನನ್ನ ಗಂಡ ಪಕ್ಕದಲ್ಲಿ ಕಂಡ ಜಲ್ಲಿ ಹಾಕಿದ ಪಾರ್ಕಿಂಗಿಗೆ ಕಾರು ತಿರುಗಿಸಿ, ಇಳಿದು, ಟೈರುಗಳನ್ನು ಒಂದೊಂದಾಗಿ ಒದ್ದು ನೋಡತೊಡಗಿದರು. ಆಗ ಕೇಳಿಸಿತು.

"ಪೀಂಟ್."

ಮೂಗಿನಿಂದ ಬಂದಂಥ ಶಬ್ದ. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬರುತ್ತದಲ್ಲ, ಹಾಗೆ. ಐದಾರು ಸೆಕೆಂಡು ಬಿಟ್ಟು ಮತ್ತೆ, "ಪೀಂಟ್."

ನನ್ನ ಗಂಡ ಇಂಜಿನ್ ಬಂದ್ ಮಾಡಿದರು. "ಪೀಂಟ್." ಬಾನೆಟ್ ಎತ್ತಿದರು. "ಪೀಂಟ್." ಬ್ಯಾಟರಿಯ ತಂತಿ ಬಿಚ್ಚಲು ಹೊರಟಿದ್ದರು. "ಗಾಡಿ ಬಂದ್ ಮಾಡಿದ್ರೂ ಸೌಂಡ್ ಬರಾಕತ್ತೈತಿ" ಎಂದು ಮುಖ ಸಣ್ಣದು ಮಾಡಿಕೊಂಡು ನಿಂತರು. ಆ ಹೊತ್ತಿಗೆ ಅಕ್ಕಾರು ಕಾರಿನಲ್ಲಿರಲಿಲ್ಲ. ನೋಡಿದರೆ, ಇಳಕಲ್ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಮೊಣಕಾಲವರೆಗೆ ಎತ್ತಿ ಹಿಡಿದು, ಒಣಹುಲ್ಲಿನ ಬಯಲಿನಲ್ಲಿ ಕಳ್ಳಹೆಜ್ಜೆ ಇಡುತ್ತ ಹೊರಟಿದ್ದರು. ನಾನು ಮಗಳ ಕೈ ಹಿಡಿದು ಹಿಂದೆ ಓಡಿದೆ.

ಬಯಲಿನ ಅಂಚಿನಲ್ಲಿ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ರಾಜ್ಯದ ವನ್ಯಜೀವಿ ಇಲಾಖೆಯ ಅಧಿಕಾರಿ. ಆ ಬಯಲು, ಅದರಾಚೆಯ ಕಾಡು ಎರಡೂ ಸಾರ್ವಜನಿಕರ ಜಾಗ. ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿ ಮುಂದೆ ತೋರಿಸಿದಳು. ಮಬ್ಬು ಬೆಳಕಿನಲ್ಲಿ ಎರಡು ಮುಷ್ಟಿ ಗಾತ್ರದ ಒಂದು ಹಕ್ಕಿ. ಕತ್ತೇ ಇಲ್ಲ. ಬೇರೆ ಯಾವುದೋ ಹಕ್ಕಿಯಿಂದ ಕೇಳಿ ತಂದಂತಿದ್ದ ಉದ್ದ ಕೊಕ್ಕು. ಕಣ್ಣುಗಳು ತಲೆಯ ಹಿಂಭಾಗಕ್ಕೆ ಜಾರಿಹೋಗಿದ್ದವು. ದೇವರು ಶುಕ್ರವಾರ ಸಂಜೆ ಅವಸರದಲ್ಲಿ ಜೋಡಿಸಿದ ಹಾಗಿತ್ತು. ಅದು "ಪೀಂಟ್" ಎಂದಿತು. ಇದ್ದಕ್ಕಿದ್ದಂತೆ ನೆಲ ಬಿಟ್ಟು ಎದ್ದು, ದೊಡ್ಡ ದೊಡ್ಡ ಸುತ್ತು ಹಾಕುತ್ತ, ರೆಕ್ಕೆಯಿಂದ ಸೀಟಿಯಂಥ ಸದ್ದು ಹೊರಡಿಸುತ್ತ ಮೇಲೆ ಮೇಲೆ ಹೋಗಿ ಒಂದು ಚುಕ್ಕೆಯಾಯಿತು. ಒಂದು ಗಳಿಗೆ ಏನೂ ಇಲ್ಲ. ಮತ್ತೆ ಚಿಲಿಪಿಲಿಗುಟ್ಟುತ್ತ, ಒಣ ಎಲೆಯಂತೆ ಅತ್ತಿತ್ತ ಜಾರಿ ಬಂದು ಎದ್ದ ಜಾಗದಲ್ಲೇ ಇಳಿಯಿತು. "ಪೀಂಟ್."

ಹೆಣ್ಣಿಗಾಗಿ ಗಂಡು ಹಕ್ಕಿ ಆಡುವ ಆಟವಂತೆ. ಹೆಸರು ವುಡ್‌ಕಾಕ್.

ಅಕ್ಕಾರು ಅಧಿಕಾರಿಯನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಏನು ತಿನ್ನುತ್ತದೆ? ಎರೆಹುಳ. ಎಲ್ಲಿ ಮಲಗುತ್ತದೆ? ಎಳೆಯ ಮರಗಳ ದಟ್ಟ ಪೊದೆಯಲ್ಲಿ. ಎಷ್ಟಿವೆ? ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಯಾಕೆ? ಕಾಡು ಮುದಿಯಾಗುತ್ತಿದೆ. ಮರಗಳೆಲ್ಲ ಒಟ್ಟಿಗೆ ದೊಡ್ಡವಾಗಿ, ನೆರಳು ಬಿದ್ದು, ಕೆಳಗಿನ ಪೊದೆಯೆಲ್ಲ ಸತ್ತುಹೋಗಿದೆ. ಹಿಂದೆ ಬೆಂಕಿ ಬೀಳುತ್ತಿತ್ತು, ರೈತರು ಹೊಲ ಬಿಟ್ಟುಹೋಗುತ್ತಿದ್ದರು, ಎಳೆಯ ಕಾಡು ತಾನಾಗಿಯೇ ಹುಟ್ಟುತ್ತಿತ್ತು. ಈಗ ಯಾರಾದರೂ ಮರ ಕಡಿದರಷ್ಟೇ ಉಂಟು. ಕಡಿಯಲು ಜನ ಬಿಡುವುದಿಲ್ಲ.

"ಮತ್ತ ಯಾರು ಕಡೀತಾರ?" ಎಂದು ಅಕ್ಕಾರು ಕೇಳಿದರು.

"ಸ್ವಯಂಸೇವಕರು ಸಿಕ್ಕರೆ ಕಡಿಯುತ್ತೇವೆ" ಎಂದಳು ಅಧಿಕಾರಿ. ಪಾಪ, ಅವಳಿಗೇನು ಗೊತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಅಧಿಕಾರಿಯಾಗಲಿ ಮುಂದೆ ಬರುವ ವಾಲ್ಟ್ ಎಂಬಾತನಾಗಲಿ ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ಅಕ್ಕಾರು ಅವರ ಮಾತನ್ನು ನಮಗೆ ಒಪ್ಪಿಸುವಾಗ ಅವರೆಲ್ಲ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿ ಬೆಳೆದವರಾಗಿಬಿಡುತ್ತಾರೆ. ಎಷ್ಟೋ ಮಾತು ನನಗೆ ನೆನಪಿರುವುದೇ ಹಾಗೆ.

ಮುಂದಿನ ತಿಂಗಳ ಹೊತ್ತಿಗೆ ಹತ್ತೊಂಬತ್ತನೆಯ ಮಹಡಿಯ ಆ ಮನೆ ಗುರುತು ಸಿಗದಂತಾಯಿತು. ಸೋಫಾದ ಹಿಂದೆ ಕೈಗರಗಸಗಳು. ಬಚ್ಚಲಲ್ಲಿ ಕೆಸರಿನ ಬೂಟು. ದೇವರ ಮನೆಯ ಬಾಗಿಲ ಮೊಳೆಗೆ ಕಿತ್ತಳೆ ಬಣ್ಣದ ಕೋಟು. ಬೇಟೆಯ ಕಾಲದಲ್ಲಿ ಕಾಡಿಗೆ ಹೋಗುವವರು ಗುಂಡೇಟು ತಪ್ಪಿಸಿಕೊಳ್ಳಲು ಹಾಕಿಕೊಳ್ಳುವಂಥದ್ದು. ಒಂದು ದಿನ ಶೇಂಗಾ ಹಿಂಡಿ ಹುಡುಕುತ್ತ ಅವರ ಅಡುಗೆಮನೆಯ ಕಪಾಟು ತೆಗೆದರೆ ಸಾಲಾಗಿ ಸಣ್ಣ ಸಣ್ಣ ಬಾಟಲಿ. ಪ್ರತಿಯೊಂದರಲ್ಲೂ ಸ್ಪಿರಿಟ್ಟಿನಲ್ಲಿ ತೇಲುವ ಒಂದೊಂದು ಉಣ್ಣೆಹುಳ, ಮೇಲೆ ಹೆಸರು ಬರೆದ ಚೀಟಿ. ಇಲ್ಲಿಯ ಹುಲ್ಲಿನಲ್ಲಿ ಓಡಾಡಿದರೆ ಉಣ್ಣೆಹುಳ ಮೈಗೆ ಕಚ್ಚಿಕೊಳ್ಳುತ್ತದೆ, ಕೆಲವು ಜ್ವರ ತರುತ್ತವೆ. ಉಳಿದವರು ಕಿತ್ತು ಬಿಸಾಡುತ್ತಾರೆ. ಅಕ್ಕಾರು ಮೈಕ್ರೋಸ್ಕೋಪಿನಲ್ಲಿ ನೋಡಿ ಜಾತಿ ಗುರುತಿಸಿ ಇಡುತ್ತಾರೆ. ಒಂದು ಬಾಟಲಿಯ ಮೇಲೆ ನನ್ನ ಗಂಡನ ಹೆಸರಿತ್ತು.

"ಅವನ ಎಡಗಾಲಾಗಿಂದು" ಎಂದರು ಅಕ್ಕಾರು, ಸೋದರಳಿಯನ ಶಾಲೆಯ ಫೋಟೋ ತೋರಿಸುವವರಂತೆ. "ಛಲೋ ಸ್ಪೆಸಿಮನ್ ಐತಿ."

ಅಕ್ಕಾರ ಜೊತೆ ನಾವೂ ಕೆಲವು ಶನಿವಾರ ಹೋದೆವು. ಒಮ್ಮೆ ನಮಗೆ ಸಿಕ್ಕ ಕೆಲಸವೆಂದರೆ, ಎಂದೋ ಹೊರದೇಶದಿಂದ ಬಂದು ಎಲ್ಲ ಕಡೆ ಹಬ್ಬಿಕೊಂಡ ಮುಳ್ಳುಗುಲಾಬಿಯನ್ನು ಬೇರುಸಹಿತ ಕೀಳುವುದು. ಈ ಹೊರಗಿನ ಗಿಡಗಳು ಇಲ್ಲಿಯ ಗಿಡಗಳಿಗೆ ಜಾಗ ಕೊಡುತ್ತಿಲ್ಲ ಎಂದು ಅಧಿಕಾರಿ ಗಂಭೀರವಾಗಿ ವಿವರಿಸಿದಳು. ನನ್ನ ಗಂಡ ಕೈಗವಸು ತೊಟ್ಟುಕೊಳ್ಳುತ್ತ ನನ್ನ ಕಿವಿಯಲ್ಲಿ, "ಗ್ರೀನ್ ಕಾರ್ಡಿಗೆ ಇನ್ನೂ ಲೈನ್‌ನ್ಯಾಗ ನಿಂತೇವಿ. ಈ ಕೆಲಸಕ್ಕ ನಮ್ಮನ್ನ ಹಚ್ಚಬೇಕಾ?" ಎಂದರು. ನನ್ನ ಮಗಳು, "ಅಪ್ಪಾ, ಡೋಂಟ್ ಸೇ ದಟ್ ಲೌಡ್ಲಿ" ಎಂದಳು.

ವಾಲ್ಟ್ ನಮಗೆ ಪರಿಚಯವಾದದ್ದು ಅಲ್ಲೇ. ಎಪ್ಪತ್ತು ದಾಟಿದ, ಉದ್ದಕ್ಕೆ ಬೆಳೆದ, ಮಾತು ಕಡಿಮೆಯ ಮುದುಕ. ಜೀವಮಾನವೆಲ್ಲ ನಲ್ಲಿ, ಪೈಪು ರಿಪೇರಿ ಮಾಡಿದವನು. ಹೆಂಡತಿ ತೀರಿಕೊಂಡಿದ್ದಳು. ಹದಿನೈದರ ವಯಸ್ಸಿನಿಂದ ಅದೇ ಕಾಡಿನಲ್ಲಿ ವುಡ್‌ಕಾಕ್ ಬೇಟೆಯಾಡುತ್ತಿದ್ದವನು. ಬೇಟೆ ಕಡಿಮೆಯಾದಾಗ ಬೇರೆಯವರು ಬೇರೆ ಕಡೆ ಹೋದರು. ಇವನು ಗರಗಸ ಹಿಡಿದು ಬಂದ. ಜೊತೆಗೊಂದು ಬಿಳಿ-ಕಂದು ಬಣ್ಣದ ಬೇಟೆನಾಯಿ, ಹೆಸರು ಪೆನ್ನಿ. ಅಕ್ಕಾರ ಬಾಯಲ್ಲಿ ಅದು ಫೇಣಿಯಾಯಿತು. ಚಿರೋಟಿಯ ಜೊತೆ ಬಡಿಸುವ ಫೇಣಿ. ಅದು ಎರಡು ಹೆಸರಿಗೂ ಬಾಲ ಅಲ್ಲಾಡಿಸುತ್ತಿತ್ತು. ಅಕ್ಕಾರಿಗೆ ನಾಯಿಯೆಂದರೆ ಜೀವ ಹೋಗುವಷ್ಟು ಭಯ. ಅದು ಹತ್ತಿರ ಬಂದರೆ ಗರಗಸವನ್ನು ಎದೆಗೆ ಅವಚಿಕೊಂಡು, "ವಾಲ್ಟ್ ಅವ್ರ, ನಿಮ್ಮ ಫೇಣೀನ ಹಿಡಕೋರಿ" ಎಂದು ಅಚ್ಚಗನ್ನಡದಲ್ಲಿ ಕೂಗುತ್ತಿದ್ದರು. ಭಯದಲ್ಲಿ ಇಂಗ್ಲಿಷ್ ನೆನಪಾಗುವುದಿಲ್ಲವಲ್ಲ. ವಾಲ್ಟ್‌ಗೆ ಆ ವಾಕ್ಯ ಕೇಳಿ ಕೇಳಿ ಅರ್ಥವಾಗತೊಡಗಿತು.

ಇಬ್ಬರಿಗೂ ಒಂದೇ ಒಂದು ವಿಷಯದಲ್ಲೂ ಹೊಂದಿಕೆಯಿರಲಿಲ್ಲ. ನಡೆಯಲು ದಾರಿ ನೇರವಾಗಿರಬೇಕೆಂದು ಅವನು, ದಾರಿ ನೇರವಾದರೆ ನರಿಗೂ ನೇರವಾಗುತ್ತದೆಂದು ಇವರು. ಮಧ್ಯಾಹ್ನ ಬಿದ್ದ ಮರದ ಮೇಲೆ ಕೂತು ಇವರು ಡಬ್ಬಿ ಬಿಚ್ಚಿದರೆ ಜೋಳದ ರೊಟ್ಟಿ, ಎಣ್ಣೆಗಾಯಿ. ಅವನು ಪೊಟ್ಟಣ ಬಿಚ್ಚಿದರೆ ಒಣಗಿಸಿದ ಜಿಂಕೆ ಮಾಂಸ. ಅಕ್ಕಾರು ಡಬ್ಬಿಯನ್ನು ಒಂದು ಗೇಣು ಆಚೆ ಸರಿಸುತ್ತಿದ್ದರು. ಅವನು ಪೊಟ್ಟಣವನ್ನು ಒಂದು ಗೇಣು ಈಚೆ ಎಳೆದುಕೊಳ್ಳುತ್ತಿದ್ದ. ಕೆಲವು ವಾರಗಳ ನಂತರ ಅವನು ಪೊಟ್ಟಣ ತರುವುದನ್ನೇ ನಿಲ್ಲಿಸಿದ. ಅಕ್ಕಾರು ರೊಟ್ಟಿ ಆರು ತರುತ್ತಿದ್ದವರು ಹತ್ತು ತರತೊಡಗಿದರು.

ನನಗೆ ಮಾತ್ರ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು ದಿನ ಬರುವ ದಾರಿಯಲ್ಲಿ ಕೇಳಿಯೇಬಿಟ್ಟೆ.

"ಅಕ್ಕಾರೆ, ನೀವು ಇಷ್ಟು ಕಷ್ಟಪಟ್ಟು ಜಾಗ ಮಾಡಿಕೊಡೋದು. ವಾಲ್ಟ್ ಬಂದು ಢಂ ಅಂತ ಹೊಡೆಯೋದು. ನಿಮಗೇನೂ ಅನ್ನಿಸಲ್ವಾ?"

ಅಕ್ಕಾರು ಅಂಗೈಗೆ ಚುಚ್ಚಿದ ಒಂದು ಮುಳ್ಳನ್ನು ಉಗುರಿನಿಂದ ಕಿತ್ತು ಕಿಟಕಿಯಾಚೆ ಎಸೆದರು.

"ಅನ್ನಸ್ತೈತಿ" ಎಂದರು. "ದಿನಾ ಅನ್ನಸ್ತೈತಿ. ಆದ್ರ ನೋಡು, ನಮ್ಮ ಆಸ್ಪತ್ರಿಯಾಗ ಯಾರಿಗೂ ಈ ಹಕ್ಕಿ ಹೆಸರು ಗೊತ್ತಿಲ್ಲ. ವಾಲ್ಟ್‌ಗ ಅದು ಯಾವ ಗಿಡದ ಬುಡಕ್ಕ ಕೂಡತೈತಿ, ಯಾವ ದಿನ ದಕ್ಷಿಣಕ್ಕ ಹಾರತೈತಿ, ಎಲ್ಲಾ ಗೊತ್ತೈತಿ. ಅಂವಾ ವರ್ಷಕ್ಕ ನಾಕೈದು ಹೊಡೀತಾನ. ಕಾಡು ಮುದಿಯಾದ್ರ ಒಂದೂ ಉಳಿಯಂಗಿಲ್ಲ, ಹೊಡದವರು ಯಾರೂ ಇರಂಗಿಲ್ಲ. ಯಾವುದು ಪಾಪ?"

"ಯಾವುದು?"

"ನನಗಿನ್ನೂ ಗೊತ್ತಾಗಿಲ್ಲ ತಂಗಿ. ಗೊತ್ತಾಗೂತನಕ ಗಿಡ ಕಡೀತೀನಿ."

ಆ ವರ್ಷದ ಕೊನೆಗೆ ಇಲಾಖೆಯವರು ಒಂದು ದೊಡ್ಡ ಯೋಜನೆ ಮುಂದಿಟ್ಟರು. ಬಯಲಿನ ಪಕ್ಕದ ಮುದಿ ಕಾಡಿನಲ್ಲಿ ಒಂದು ಅಗಲವಾದ ಪಟ್ಟೆಯನ್ನು ಪೂರ್ತಿ ಕಡಿದು, ಬುಡಗಳನ್ನು ಹಾಗೇ ಬಿಟ್ಟು, ಚಿಗುರಲು ಬಿಡುವುದು. ಊರಿನವರು ಸಿಡಿದೆದ್ದರು. ಸಭೆ ಕರೆದರು. ನಾವೂ ಹೋದೆವು. ಸಭಾಂಗಣ ತುಂಬಿತ್ತು, ಕೈಯಲ್ಲಿ ಮರದ ಚಿತ್ರದ ಫಲಕಗಳು. ಮುಂದಿನ ಸಾಲಿನಲ್ಲೇ ಒಂದು ಫಲಕ ಹಿಡಿದು ಕೂತಿದ್ದವನು ಯಾರು? ಅಂದು ಗೃಹಪ್ರವೇಶದಲ್ಲಿ ನಮಗೆ ಹೋಳಿಗೆ ಬಡಿಸಿದ ಹುಡುಗ.

"ಆಂಟಿ, ನೀವು ಆ ಕಡೆನಾ?" ಎಂದ. ನಿಜಕ್ಕೂ ನೊಂದುಕೊಂಡಿದ್ದ. "ನಾವು ಇಷ್ಟು ದೂರ ಬಂದು ಮನೆ ತಗೊಂಡಿದ್ದೇ ಈ ಮರಗಳಿಗೋಸ್ಕರ. ನನ್ನ ಮಗಳ ರೂಮಿನ ಕಿಟಕಿ ಆ ಕಡೆಗೇ ಇರೋದು."

ಅವನ ಮಾತು ಅಕ್ಕಾರಿಗೆ ನಾಟಿದ್ದು ಮುಖದಲ್ಲಿ ಕಾಣುತ್ತಿತ್ತು. ತಮ್ಮ ಸರದಿ ಬಂದಾಗ ಮೈಕಿನ ಮುಂದೆ ನಿಂತು, ಬರೆದುಕೊಂಡು ಬಂದ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಬಿಟ್ಟರು.

"ನಮ್ಮ ಕಡೆ ಮಗು ಹುಟ್ಟಿದ ಮೇಲೆ ಜವಳ ಮಾಡಿಸುತ್ತೇವೆ" ಎಂದರು, ಇಂಗ್ಲಿಷಿನಲ್ಲಿ. ಜವಳ ಎಂಬ ಪದವನ್ನು ಮಾತ್ರ ಕನ್ನಡದಲ್ಲೇ ಹೇಳಿದರು. "ಮಗುವಿನ ತಲೆ ನುಣ್ಣಗೆ ಬೋಳಿಸುತ್ತೇವೆ. ಮಗು ಅಳುತ್ತದೆ. ತಾಯಿಯೂ ಅಳುತ್ತಾಳೆ. ನೋಡಲು ಚೆನ್ನಾಗಿರುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬೇರು ಒಳಗಿರುತ್ತದೆ. ಮಗು ಸಾಯುವುದಿಲ್ಲ. ನಾನು ವೈದ್ಯೆ, ನನಗೆ ಗೊತ್ತು."

ಅಮೆರಿಕದ ಒಂದು ಟೌನ್‌ಶಿಪ್ಪಿನ ಸಭೆಯ ನಡಾವಳಿಯಲ್ಲಿ ಕೂಸಿನ ತಲೆ ಬೋಳಿಸುವ ವಿಷಯ ಅದಕ್ಕೆ ಮೊದಲು ಬಂದಿರಲಾರದು. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ತಲೆಯೆತ್ತಿ ಜವಳದ ಸ್ಪೆಲ್ಲಿಂಗ್ ಕೇಳಿದಳು.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಇದೆಲ್ಲ ಬೇಟೆಗಾರರ ಅನುಕೂಲಕ್ಕೆ. ಹಕ್ಕಿ ಬರಿಸುವುದು, ಹೊಡೆಯುವುದು" ಎಂದರು. ಚಪ್ಪಾಳೆ ಬಿತ್ತು. ಅಂದು ಕಾರಿನಲ್ಲಿ ನಾನು ಅಕ್ಕಾರನ್ನು ಕೇಳಿದ್ದೂ ಅದನ್ನೇ.

ಆಗ ವಾಲ್ಟ್ ಎದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆ ಪಟ್ಟೆಗೆ ನಾನು ಬಂದೂಕು ಒಯ್ಯುವುದಿಲ್ಲ. ಸಾಕಷ್ಟು ಹಕ್ಕಿ ಇವೆ ಎಂದು ಡಾಕ್ಟರ್ ಹೇಳುವವರೆಗೆ ಒಯ್ಯುವುದಿಲ್ಲ. ಅವರು ಹೇಳದೇ ಇದ್ದರೆ ಇಲ್ಲವೇ ಇಲ್ಲ" ಎಂದು ಕೂತ.

ಕೊನೆಗೆ ಅರ್ಧ ಪಟ್ಟೆಗೆ ಒಪ್ಪಿಗೆ ಸಿಕ್ಕಿತು.

ಆ ಚಳಿಗಾಲ ಕಡಿದರು. ನಾನು ಹೋಗಿ ನೋಡಿ ದಂಗಾದೆ. ಅಕ್ಕಾರು ಹೇಳಿದ ಕೂಸಿನ ತಲೆಯ ಹಾಗಿರಲಿಲ್ಲ. ಬಾಂಬು ಬಿದ್ದ ಹಾಗಿತ್ತು. ಕೊಂಬೆಗಳ ರಾಶಿ ರಾಶಿ ಅಲ್ಲೇ ಬಿದ್ದಿತ್ತು. ಅದನ್ನಾದರೂ ಸ್ವಚ್ಛ ಮಾಡಬಾರದೆ ಎಂದು ಊರಿನವರು ದೂರಿದರು. ಬೇಕೆಂದೇ ಬಿಟ್ಟದ್ದು, ಚಿಗುರು ತಿನ್ನಲು ಜಿಂಕೆ ಒಳಗೆ ನುಗ್ಗಬಾರದೆಂದು, ಎಂದು ಅಕ್ಕಾರು ಒಬ್ಬೊಬ್ಬರಿಗೂ ಹೇಳಿದರು. ಹೋಳಿಗೆಯ ಹುಡುಗ ಅಕ್ಕಾರಿಗೆ ಒಂದು ಫೋಟೋ ಕಳಿಸಿದ. ಮಗಳ ಕಿಟಕಿಯಿಂದ ತೆಗೆದದ್ದು. ಕೆಳಗೆ ಏನೂ ಬರೆದಿರಲಿಲ್ಲ.

ಮಾರ್ಚ್ ಬಂತು. ಅಕ್ಕಾರು, ವಾಲ್ಟ್ ಇಬ್ಬರೂ ದಿನಾ ಸಂಜೆ ಹೋಗಿ ಕೂತರು. ಒಂದೂ ಹಕ್ಕಿ ಕೂಗಲಿಲ್ಲ. ಮೊದಲು ಬಯಲಿನಲ್ಲಿ ಕುಣಿಯುತ್ತಿದ್ದ ಒಂದೆರಡೂ ಬರಲಿಲ್ಲ. ಅಕ್ಕಾರು ನನ್ನ ಆಫೀಸಿಗೆ ಫೋನ್ ಮಾಡಿದರು. ಹಿಂದೆಂದೂ ಮಾಡಿದವರಲ್ಲ.

"ತಂಗಿ, ಈ ಕಾಡನ್ನ ನಾನು ತಪ್ಪು ಓದಿದ್ನೇನು?" ಎಂದರು.

ನನಗೇನು ಗೊತ್ತು? ಆದರೂ, "ಕೂದಲು ಬರೋಕೆ ಟೈಮ್ ಬೇಕಲ್ವಾ ಅಕ್ಕಾರೆ" ಎಂದೆ.

"ಕೂದ್ಲ ಬರತೈತಿ. ಅಷ್ಟ್ರಾಗ ಹಕ್ಕಿ ಮರತು ಬಿಟ್ರ? ಅಂವಾ ಬಂದೂಕು ಕೆಳಗಿಟ್ಟು ಕುಂತಾನ. ಎಪ್ಪತ್ತೈದಾತು ಅವಂಗ. ಇನ್ನೆಷ್ಟು ವರ್ಷ ಕಾಯಸ್ಲಿ?"

ಬೇಟೆಯನ್ನು ಕಂಡರಾಗದ ಅಕ್ಕಾರಿಗೆ ಒಬ್ಬ ಬೇಟೆಗಾರನ ಬೇಟೆ ತಪ್ಪಿಸಿದ ಸಂಕಟ. ಇದನ್ನು ಯಾವ ಗಾಜಿನ ಪಟ್ಟಿಯ ಮೇಲಿಟ್ಟು ನೋಡುವುದು?

ಆ ಬೇಸಿಗೆ ಬುಡಗಳೆಲ್ಲ ಚಿಗುರಿದವು. ಒಂದೊಂದು ಬುಡದಿಂದ ಇಪ್ಪತ್ತು ಇಪ್ಪತ್ತು ಕಡ್ಡಿ. ಮರುವರ್ಷ ಅವು ನನ್ನ ಎತ್ತರ ದಾಟಿದವು, ಒಳಗೆ ಕೈ ತೂರಲೂ ಆಗದಷ್ಟು ದಟ್ಟ. ಆ ಮಾರ್ಚಿನಲ್ಲಿ ಒಂದು ಹಕ್ಕಿ ಬಂತು. ಒಂದೇ. ಅದು ಇಪ್ಪತ್ತು ದಿನ ಕುಣಿದು ಹೋಯಿತು. ಅದರ ಮುಂದಿನ ವರ್ಷ ಒಂದೇ ಸಂಜೆಗೆ ನಾಲ್ಕು. ಮೇ ತಿಂಗಳಲ್ಲಿ ಪೊದೆಯ ಅಂಚಿನಲ್ಲಿ ತಾಯಿಯ ಹಿಂದೆ ಮೂರು ಮರಿ, ಪ್ರತಿ ಹೆಜ್ಜೆಗೂ ಮೈ ಹಿಂದೆ ಮುಂದೆ ತೂಗುತ್ತ, ಕುಡಿದವರ ಹಾಗೆ ರಸ್ತೆ ದಾಟಿದವು. ಆ ದಿನ ಹೋಳಿಗೆಯ ಹುಡುಗನ ಮನೆಯಿಂದ ಇನ್ನೊಂದು ಫೋಟೋ ಬಂತು. ಅದೇ ಕಿಟಕಿಯಿಂದ, ಹೊಸ ಹಸಿರು. ಅವನ ಮಗಳು ಅಕ್ಕಾರಿಗೆ ಧ್ವನಿ ಸಂದೇಶ ಕಳಿಸಿದ್ದಳು: "ಆಂಟಿ, ದೇರ್ ಈಸ್ ಎ ಬರ್ಡ್ ದಟ್ ಸೌಂಡ್ಸ್ ಲೈಕ್ ಅವರ್ ಮೈಕ್ರೋವೇವ್."

ಅಕ್ಕಾರು ಅವತ್ತೇ ಕೂತು ಒಂದು ಲ್ಯಾಬ್ ರಿಪೋರ್ಟ್ ತಯಾರಿಸಿದರು. ಆಸ್ಪತ್ರೆಯ ರಿಪೋರ್ಟಿನ ಮಾದರಿಯಲ್ಲೇ. ಮಾದರಿ: ಅರ್ಧ ಪಟ್ಟೆ ಕಾಡು. ಕಂಡದ್ದು: ಗಂಡು ನಾಲ್ಕು, ತಾಯಿ ಒಂದು, ಮರಿ ಮೂರು, ಎರೆಹುಳ ಯಥೇಚ್ಛ. ನಿರ್ಣಯ: ರೋಗಿ ಚೇತರಿಸಿಕೊಂಡಿದ್ದಾನೆ. ಸಲಹೆ: ವಾಲ್ಟ್ ಅವರು ಈ ಶರತ್ಕಾಲದಲ್ಲಿ ಹೊಡೆಯಬಹುದು, ಎರಡಕ್ಕಿಂತ ಹೆಚ್ಚಿಲ್ಲ. ಕೆಳಗೆ ಸಹಿ.

ಕೊಡಲು ಹೋದಾಗ ವಾಲ್ಟ್ ಬಾಗಿಲು ತೆರೆಯಲು ಬಹಳ ಹೊತ್ತು ತೆಗೆದುಕೊಂಡನಂತೆ. ಸೊಂಟದ ಕೀಲು ಹೋಗಿತ್ತು, ಹೃದಯವೂ ಸರಿಯಿರಲಿಲ್ಲ, ಆಪರೇಷನ್ ಮಾಡಲು ಡಾಕ್ಟರುಗಳು ಹಿಂಜರಿಯುತ್ತಿದ್ದರು. ಕೋಲು ಹಿಡಿದು ಅಡುಗೆಮನೆಯವರೆಗೆ ನಡೆದರೆ ಅದೇ ದೊಡ್ಡದು. ಅವನು ರಿಪೋರ್ಟನ್ನು ಎರಡು ಸಲ ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. "ಕಾಲು ಹ್ವಾದ್ವು ಡಾಕ್ಟರ್. ನೀವು ಟೈಮಿಗೆ ರಿಪೋರ್ಟ್ ಕೊಟ್ರಿ, ನಾನ ಲೇಟಾದೆ ನೋಡ್ರಿ" ಎಂದ ಎಂದು ಅಕ್ಕಾರು ನನಗೆ ಹೇಳಿದರು. ಆ ಸಲ ಅವನ ಗದಗಿನ ಕನ್ನಡ ಕೇಳಿ ನನಗೆ ನಗು ಬರಲಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಅಕ್ಕಾರು ಫೋನ್ ಮಾಡಿ, "ನೀನೂ ಬಾ. ನಾಯಿ ಹಿಡಕೊಳ್ಳಾಕ ಒಬ್ರು ಬೇಕು" ಎಂದರು. ಹೋದರೆ ಅವರ ಕಾರಿನ ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದ ವಾಲ್ಟ್. ಹಿಂದಿನ ಸೀಟಿನಲ್ಲಿ ಫೇಣಿ. ಬಂದೂಕು ಎಲ್ಲೂ ಇರಲಿಲ್ಲ. ಬೇಟೆನಾಯಿಗೆ ಶರತ್ಕಾಲದಲ್ಲಿ ಕಾಡಿಗೆ ಹೋಗದಿದ್ದರೆ ಅನ್ನ ಸೇರುವುದಿಲ್ಲವಂತೆ. ಎರಡು ವಾರದಿಂದ ಬಾಗಿಲ ಹತ್ತಿರ ಮಲಗಿ ಮುಲುಗುತ್ತಿತ್ತಂತೆ. ಅದಕ್ಕೆ ಅಕ್ಕಾರೇ ಅದನ್ನು ಕಾಡಿಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ನಾಯಿ ಕಂಡರೆ ಗರಗಸ ಅವಚಿಕೊಳ್ಳುವ ಅಕ್ಕಾರು.

ಜಲ್ಲಿಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಎರಡೂ ಕಿಟಕಿ ಇಳಿಸಿದರು. ನಮಗಿಬ್ಬರಿಗೂ ಕಿತ್ತಳೆ ಕೋಟು. ವಾಲ್ಟ್ ಫೇಣಿಯ ಕೊರಳಿಗೆ ಒಂದು ಸಣ್ಣ ಗಂಟೆ ಕಟ್ಟಿದ. ನಾಯಿ ಪೊದೆಯೊಳಗೆ ಕಾಣಿಸುವುದಿಲ್ಲ. ಗಂಟೆ ಕೇಳಿಸುತ್ತಿದ್ದರೆ ಹುಡುಕುತ್ತಿದೆ ಎಂದರ್ಥ. ಗಂಟೆ ನಿಂತಿತೆಂದರೆ ಅದು ಹಕ್ಕಿಯ ವಾಸನೆ ಹಿಡಿದು, ಮೂಗು ಆ ಕಡೆ ಮಾಡಿ, ಕಲ್ಲಿನ ಹಾಗೆ ನಿಂತಿದೆ ಎಂದರ್ಥ.

ಮೊದಲ ಹತ್ತು ನಿಮಿಷ ಅಕ್ಕಾರು ನನ್ನ ಬೆನ್ನ ಹಿಂದೆಯೇ ನಡೆದರು. ಆಮೇಲೆ "ನಿಂದ್ರು" ಎಂದರು, ಫೇಣಿ ನಿಂತಿತು. "ಹೋಗು" ಎಂದರು, ಹೋಯಿತು. ಅದಕ್ಕೆ ಅಷ್ಟೊತ್ತಿಗೆ ಕನ್ನಡ ಬರುತ್ತಿತ್ತೆಂದು ಕಾಣುತ್ತದೆ. ಎಳೆಯ ಮರಗಳ ನಡುವೆ ನಾವು ಮುಖಕ್ಕೆ ಕಡ್ಡಿ ತಾಗಿಸಿಕೊಳ್ಳುತ್ತ, ಕೆಸರಲ್ಲಿ ಕಾಲು ಹೂತುಕೊಳ್ಳುತ್ತ ಗಂಟೆಯ ಹಿಂದೆ ನಡೆದೆವು. ಗಂಟೆ ನಿಂತಿತು. ಇನ್ನೊಂದು ಹೆಜ್ಜೆ ಇಟ್ಟದ್ದೇ ಕಾಲಬುಡದಿಂದ ಸೀಟಿ ಊದುತ್ತ ಹಕ್ಕಿ ಮೇಲೆದ್ದಿತು. ಹೀಗೆ ಮೂರು ಸಲ. ನಾಲ್ಕನೆಯ ಸಲ ಗಂಟೆ ನಿಂತದ್ದು ಹಳ್ಳದ ಪಕ್ಕ, ಆಲ್ಡರ್ ಪೊದೆಯ ಹತ್ತಿರ. ಆ ಹಕ್ಕಿ ಎದ್ದದ್ದು ನಮ್ಮ ಬೆನ್ನ ಹಿಂದೆ. ನಾನು ತಿರುಗುವಷ್ಟರಲ್ಲಿ ಒಂದು ಕಂದು ಗೆರೆ ಬುಡಗಳ ಮರೆಗೆ ಜಾರಿತು, ಅಷ್ಟೇ. ಅಕ್ಕಾರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರು ಅಷ್ಟನ್ನೂ ನೋಡಲಿಲ್ಲ.

ಕಾರಿನ ಹತ್ತಿರ ಬಂದಾಗ ವಾಲ್ಟ್ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಲ್ಲ, ಕೇಳುತ್ತಿದ್ದ. ಮುಂದಿನದನ್ನು ಅಕ್ಕಾರು ನನಗೆ ಹೇಳಿದ್ದಲ್ಲ, ನಾನೇ ಅಲ್ಲಿ ನಿಂತು ಕೇಳಿದ್ದು.

"ನಾಲ್ಕು ಸಲ ನಿಂತಳು" ಎಂದ ವಾಲ್ಟ್.

"ನಾಲ್ಕು."

"ಕೊನೆಯದು ಆಲ್ಡರ್ ಪೊದೆಯ ಹತ್ತಿರ."

"ಹೌದು."

"ಅದು ಹೇಗೆ ಎದ್ದಿತು, ಡಾಕ್ಟರ್?"

ನಾನು ಅಕ್ಕಾರ ಮುಖ ನೋಡಿದೆ. ಕಾಣದ್ದನ್ನು ಕಂಡೆ ಎಂದು ಅವರು ಈ ಜನ್ಮದಲ್ಲಿ ಬರೆದವರಲ್ಲ. ಅನುಮಾನವಿದ್ದರೆ ಇನ್ನೊಂದು ಚೂರು ಕಳಿಸಿ ಎನ್ನುವವರೇ ಹೊರತು ಊಹೆ ಹೇಳುವವರಲ್ಲ.

"ನೇರ ಮೇಲಕ್ಕೆ" ಎಂದರು ಅಕ್ಕಾರು. "ಪೊದೆ ಬಿಟ್ಟು ಬಯಲಿನ ಕಡೆ ಬಂತು. ಬಿಸಿಲಿಗೆ ಬಂದಾಗ ಎದೆಯ ಬಣ್ಣ ಕೂಡ ಕಾಣಿಸಿತು. ಅವಸರವೇ ಮಾಡಲಿಲ್ಲ."

ವಾಲ್ಟ್ ಜಾರಿದ್ದ ಕಂಬಳಿಯನ್ನು ಮೊಣಕಾಲ ಮೇಲೆ ಎಳೆದುಕೊಂಡ.

"ನನಗೆ ಸಿಗುತ್ತಿತ್ತಾ?"

"ಮೊದಲನೇ ಗುಂಡಿಗೇ" ಎಂದರು ಅಕ್ಕಾರು.

ಅವನು ತಲೆಯಾಡಿಸಿದ. ನಾಯಿಯನ್ನು ಸವರಲೆಂದು ಕಿಟಕಿಯಿಂದ ಕೈ ಹೊರಗೆ ಚಾಚಿದ. ಸಿಕ್ಕಿದ್ದು ಅಕ್ಕಾರ ಕೆಸರಾದ ತೋಳು. ಕೈ ಅಲ್ಲೇ ಉಳಿಯಿತು. ಅಕ್ಕಾರು ಅಲ್ಲಾಡದೆ ನಿಂತರು. ಫೇಣಿ ಅವರ ಬೂಟಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತ್ತು.